ಅಟ್ಟದ ಮೇಲೆ ಸುತ್ತಿಟ್ಟ ಕೇಬಲ್ಲು

ನಮ್ಮ ಅಡುಗೆಮನೆಯಲ್ಲಿ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ಒಲೆ ಹೊತ್ತಿಸಿದರೆ ಸಾಕು, ಸೊಂಟದಿಂದ ಮೇಲಕ್ಕೆ ಹೊಗೆ ತುಂಬಿಕೊಳ್ಳುತ್ತಿತ್ತು. ಅದರೊಳಗಿಂದ ಅಜ್ಜಿಯ ಕೆಮ್ಮು, ಅಮ್ಮನ ಬಳೆ, ಕಾಫಿ ಆಯ್ತಾ ಎನ್ನುವ ಅಪ್ಪನ ಗುಟುರು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಹೀಗಾಗಿ ನಾನು ಮನುಷ್ಯರನ್ನು ಮೊದಲು ಕಿವಿಯಿಂದ ಕಲಿತೆ, ಕಣ್ಣಿನಿಂದ ಆಮೇಲೆ. ಅಜ್ಜಿ ಕೆಮ್ಮುವ ಮುಂಚೆ ಒಂದು ಸಲ ಶಿವನನ್ನು ಕರೆಯುತ್ತಾಳೆ, ಕೆಮ್ಮಿದ ಮೇಲೆ ಸೊಸೆಯನ್ನು ಕರೆಯುತ್ತಾಳೆ. ಅಪ್ಪ ಸಿಟ್ಟಾದಾಗ ಮಾತಿನ ಕೊನೆಯಕ್ಷರವನ್ನು ನುಂಗುತ್ತಾನೆ, ಸುಳ್ಳು ಹೇಳುವಾಗ ಮೊದಲಕ್ಷರವನ್ನು ಎಳೆಯುತ್ತಾನೆ. ಇದೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದಲ್ಲ. ಹೊಗೆಯಲ್ಲಿ ಕೂತು ಮುದ್ದೆಗೆ ಕಾಯುವವನಿಗೆ ಬೇರೆ ಏನು ಕೆಲಸ? ಈಗ ಮದುವೆ ಆರತಕ್ಷತೆಗಳಲ್ಲಿ ಮೈಕು ಹಿಡಿದು ಗಂಡಿನ ಸೋದರಮಾವನ ಥರ, ಹೆಣ್ಣಿನ ಚಿಕ್ಕಪ್ಪನ ಥರ ಮಾತಾಡಿ ಹೊಟ್ಟೆ ಹೊರೆಯುತ್ತೇನೆ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಯಾವುದೋ ದೊಡ್ಡ ಊರಿನ ಹೆಸರು ಹೇಳಿಬಿಡುತ್ತೇನೆ. ನಿಜ ಹೇಳಿದರೆ ಬಟ್ಟೆಯಿಂದ ಇನ್ನೂ ಹೊಗೆ ವಾಸನೆ ಬಂದೀತು ಎಂಬ ಹೆದರಿಕೆ.

ಆ ಹೊಗೆ ತಪ್ಪಿ ತುಂಬಿಕೊಂಡದ್ದಲ್ಲ, ಬೇಕೆಂದೇ ತುಂಬಿಸಿದ್ದು. ಅಡುಗೆಮನೆಗೆ ಸೂರಿನ ಕೆಳಗೆ ಅಟ್ಟ. ಅಟ್ಟದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಮೇಲೆ ಸುಲಿಯದ ತೆಂಗಿನಕಾಯಿಗಳ ರಾಶಿ. ಕಾಯಿ ಹಾಗೇ ಹತ್ತಿರ ಹತ್ತಿರ ಒಂದು ವರ್ಷ ಮಲಗಬೇಕು. ಕೆಳಗಿನ ಹೊಗೆ ಹಗೂರಕ್ಕೆ ಏರಿ ಏರಿ ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪು ಬಿಟ್ಟು ಗುಂಡಗೆ ಕೊಬ್ಬರಿಯಾಗಬೇಕು. ಅಜ್ಜಿ ಏಣಿ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗೆ ಗುಡುಗುಡು ಎಂದರೆ ಆಯಿತು, ಇಲ್ಲದಿದ್ದರೆ ಇನ್ನೂ ಹಸಿ. ಬೇರೆಯವರ ಮನೆಯಲ್ಲಿ ಅಟ್ಟದಲ್ಲಿ ಹೊಗೆ ಕಂಡರೆ ಕೊಡಪಾನ ಹಿಡಿದು ಓಡುತ್ತಾರೆ. ನಮ್ಮಲ್ಲಿ ಹೊಗೆ ಕಂಡರೆ ಅಪ್ಪನ ಮುಖ ಅರಳುತ್ತಿತ್ತು. ಆ ಮನೆಯಲ್ಲಿ ಹೊಗೆಗೂ ಒಂದು ಕೆಲಸವಿತ್ತು. ಇಲ್ಲದಿದ್ದದ್ದು ನನಗೊಬ್ಬನಿಗೆ.

ಗ್ಯಾಸಿನ ಒಲೆ ಇರಲಿಲ್ಲವೆಂದಲ್ಲ. ಅದು ಹಜಾರದ ಮೂಲೆಯಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದ್ದು ಕೂತಿತ್ತು, ನೆಂಟರು ಬಂದರೆ ಕಾಫಿ ಕಾಯಿಸಲು. ಮುದ್ದೆ, ಸಾರು, ದನಗಳ ಹುರುಳಿ, ಸ್ನಾನದ ನೀರು, ಎಲ್ಲವೂ ಕಾಯಿ ಸುಲಿದ ಮಟ್ಟೆ ಮತ್ತು ಚಿಪ್ಪಿನ ಬೆಂಕಿಯಲ್ಲೇ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಉಬ್ಬಸ. ಹೊಗೆಯಿಂದ ದೂರವಿರಬೇಕು ಎಂದು ತಿಪಟೂರಿನ ಡಾಕ್ಟರು ಹೇಳಿದರು. ಅಪ್ಪ ಅವರ ಮುಂದೆ ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ, ಬಸ್ಸು ಹತ್ತಿದ ಕೂಡಲೇ ಶುರು ಮಾಡಿದ.

“ದೂರ ಅಂದ್ರೆ ಎಷ್ಟು ದೂರ ಅಂತ ಹೇಳ್ಲೇ ಇಲ್ವಲ್ಲಪ್ಪ. ಒಂದು ಮಾರು ಹಿಂದೆ ಕುಂತ್ಕಂಡು ಮುದ್ದೆ ತಿರುವಕ್ಕಾಯ್ತದಾ?”

ನಾನು ಮನೆಗೆ ಬಂದು ಡಾಕ್ಟರನ್ನೂ ಅಪ್ಪನನ್ನೂ ಇಬ್ಬರನ್ನೂ ಮಾಡಿ ತೋರಿಸಿದೆ. ಅಜ್ಜಿ ನಕ್ಕು ಕೊಬ್ಬರಿ ಬೆಲ್ಲ ಕೊಟ್ಟಳು. ಅಮ್ಮನಿಗೂ ನಗು ಬಂತು, ನಗುವಿನ ಬಾಲಕ್ಕೆ ಕೆಮ್ಮು ಬಂತು. ಆಟ ಅಲ್ಲಿಗೆ ನಿಂತಿತು.

ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ತುರುವೇಕೆರೆಯಲ್ಲಿ ಕರೆಂಟಿನ ಸಾಮಾನಿನ ಅಂಗಡಿ ಇಟ್ಟಿದ್ದ. ಮಾವ ಮಾತಾಡಿದರೆ ವಾರಂಟಿ ಕಾರ್ಡು ಓದಿದ ಹಾಗಿರುತ್ತಿತ್ತು. ಎಲ್ಲದಕ್ಕೂ ಒಂದು ಷರತ್ತು, ಎಲ್ಲದಕ್ಕೂ ಒಂದು ಎಚ್ಚರಿಕೆ. ಅಕ್ಕನ ಉಬ್ಬಸದ ಸುದ್ದಿ ಕೇಳಿ ಅವನು ಒಂದು ಭಾನುವಾರ ಎರಡು ಉರಿಯ ಕರೆಂಟಿನ ಒಲೆಯನ್ನು ಡಬ್ಬದ ಸಮೇತ ಹೊತ್ತು ತಂದ. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿದಳು. ಹೊಸದನ್ನು ಒರೆಸುವುದೇನಿದೆ, ಆದರೂ ಒರೆಸಿದಳು. ಮಾವ ಅಡುಗೆಮನೆಯ ಗೋಡೆಯಲ್ಲಿದ್ದ ಸಣ್ಣ ಪಾಯಿಂಟನ್ನು ನೋಡಿ ಹುಬ್ಬು ಗಂಟಿಕ್ಕಿದ.

“ಅಕ್ಕ, ಇದಕ್ಕೆ ಮಾತ್ರ ಸಿಕ್ಕಿಸ್ಬ್ಯಾಡ. ಇದು ಬಲ್ಬಿಗೆ ಅಂತ ಎಳೆದಿರೋ ಸಣ್ಣ ವೈರು, ಬೆಂದು ಹೋಯ್ತದೆ. ಭಾವ, ಮೀಟರ್ ಬೋರ್ಡಿಂದ ಸೀದಾ ಒಲೆಗೇ ಅಂತ ಬ್ಯಾರೆ ಲೈನು ಎಳೆಸ್ಬುಡಿ. ದೊಡ್ಡ ಪ್ಲಗ್ಗು ಹಾಕ್ಸಿ. ನಾಲ್ಕರ ದಪ್ಪದ ವೈರು ನಾನು ಕಳಿಸ್ತೀನಿ.”

“ಒಲೆ ತಂದೆ, ಸಂತೋಷ. ವೈರು ನಿಮ್ಮ ಅಂಗಡೀದು ಬ್ಯಾಡ. ನಮ್ಮನೇಲಿ ಕೇಬಲ್ಲಿಗೇನು ಬರ ಬಂದಿಲ್ಲ.”

“ಬರ ಅಂತ ನಾನೆಲ್ಲಂದೆ ಭಾವ? ಒಲೆ ಎಷ್ಟು ಕರೆಂಟು ಜಗ್ತದೋ ಅದಕ್ಕೆ ತಕ್ಕಂಗೆ ವೈರಿರ್ಬೇಕು ಅಂದೆ.”

“ಮೋಟ್ರು ಜಗ್ಗಿದ ಕೇಬಲ್ಲು ಕಣಯ್ಯ ನಮ್ದು. ನಿನ್ ಒಲೆ ಏನು ಪಾತಾಳದಿಂದ ನೀರೆತ್ತುತ್ತದಾ?”

ಅಪ್ಪ ಹೇಳಿದ್ದು ಹಳೆಯ ಬೋರ್‌ವೆಲ್ಲಿನ ಕೇಬಲ್ಲು. ಆ ಬೋರು ನಿಂತ ಮೇಲೆ ಮೋಟರನ್ನೂ ಪೈಪನ್ನೂ ಎತ್ತಿ, ಕೆಂಪು ಹಳದಿ ನೀಲಿ ಮೂರು ಎಳೆಯ ಆ ಚಪ್ಪಟೆ ಕೇಬಲ್ಲನ್ನು ಚಕ್ಕುಲಿಯಂತೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದ. ನಮ್ಮ ಕಡೆ ತೋಟವಿರುವ ಯಾವ ಮನೆಗೆ ಹೋದರೂ ಇಂಥದ್ದೊಂದು ಸುರುಳಿ ಸಿಗುತ್ತದೆ. ಅದಕ್ಕೆ ಕತ್ತಿ ಮುಟ್ಟಿಸುವ ಹಾಗಿಲ್ಲ. ನಾಳೆ ನೀರು ಇನ್ನೂ ಕೆಳಕ್ಕಿಳಿದರೆ ಮೋಟರನ್ನೂ ಇಳಿಸಬೇಕು, ಆಗ ಕೇಬಲ್ಲು ಗಿಡ್ಡವಾಗಬಾರದು. ಗಿಡ್ಡವಾಯಿತೆಂದು ಜಾಯಿಂಟು ಹಾಕಿದರೆ, ಆ ಜಾಯಿಂಟಿಗೆ ನೀರು ನುಗ್ಗಿ ಮೋಟರು ಸುಟ್ಟುಹೋಗುತ್ತದೆ. ಅಪ್ಪನ ಮಟ್ಟಿಗೆ ಇದು ಕರೆಂಟಿನ ಲೆಕ್ಕವಲ್ಲ, ಧರ್ಮ. ಬಾಳೆ ಗೊನೆ ಕಟ್ಟಿ ಬಂದ ದಾರವನ್ನೂ ಗಂಟು ಬಿಚ್ಚಿಯೇ ಎತ್ತಿಡುವವನು ಅವನು. ಗೆಳೆಯರ ಮನೆಗಳಲ್ಲಿ ಹಾಲಿನ ಪ್ಯಾಕೆಟ್ಟನ್ನು ಕತ್ತರಿಯಲ್ಲಿ ಕತ್ತರಿಸಿ ಎಸೆಯುವುದನ್ನು ನೋಡಿದಾಗ ನನಗೆ ನಮ್ಮ ಮನೆಯ ಬಗ್ಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆಯನ್ನು ಮುಚ್ಚಲು ಅಪ್ಪ ದಾರ ಬಿಚ್ಚುವುದನ್ನು ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಬೇರೆಯವರು ನಗುವ ಮೊದಲೇ ನಗಿಸಿಬಿಟ್ಟರೆ ಗೆದ್ದ ಹಾಗೆ ಎಂದು ತಿಳಿದಿದ್ದೆ.

ಅಪ್ಪ ಮಾರನೆಯ ದಿನವೇ ಕೆಲಸಕ್ಕೆ ಕೂತ. ಮೀಟರ್ ಬೋರ್ಡಿನಿಂದ ಕೇಬಲ್ಲಿನ ಒಂದು ತುದಿ, ಅಡುಗೆಮನೆಯ ಹೊಸ ದೊಡ್ಡ ಪ್ಲಗ್ಗಿಗೆ ಇನ್ನೊಂದು ತುದಿ. ನಡುವೆ ಬೇಕಾದದ್ದು ಐದಾರು ಮಾರು. ಮಿಕ್ಕ ಇಡೀ ಸುರುಳಿ ಅಟ್ಟದ ಮೇಲೆ ಎಲ್ಲಿತ್ತೋ ಅಲ್ಲೇ, ಹೇಗೆ ಸುತ್ತಿತ್ತೋ ಹಾಗೇ. ಕತ್ತರಿಸಲಿಲ್ಲ. ನಾಳೆ ಬೋರಿಗೆ ಬೇಕಾದರೆ ಎರಡು ತುದಿ ಬಿಚ್ಚಿದರೆ ಆಯಿತು, ಕೇಬಲ್ಲು ಇಡಿಯಾಗಿ ಸಿಗುತ್ತದೆ. ಎಷ್ಟು ಜಾಣತನ! ಕೊಬ್ಬರಿಗೆ ಹೊಗೆ ಎಲ್ಲಿಂದ ಎಂಬ ಪ್ರಶ್ನೆ ಎದ್ದಾಗ ಅಜ್ಜಿ ಮುಗಿಸಿಬಿಟ್ಟಳು.

“ಸಂಜೆಗೊಂದ್ಸಲ ನಾನೇ ನಾಲ್ಕು ಮಟ್ಟೆ ಹಾಕಿ ಹೊಗೆ ಎಬ್ಬಿಸ್ತೀನಿ ಬುಡು. ಕೊಬ್ಬರಿ ಒಣಗಕ್ಕೆ ಅವಳ ಎದೆ ಯಾಕೆ ಒಣಗ್ಬೇಕು?”

ಹೊಗೆಯಿಲ್ಲದ ಅಡುಗೆಮನೆಯಲ್ಲಿ ಅಮ್ಮನ ಮುಖ ಕಂಡಿತು. ನನಗೆ ನೆನಪಿರುವುದು ಅವಳ ಎಡಗೆನ್ನೆಯ ಮೇಲಿದ್ದ ಒಂದು ಮಚ್ಚೆ. ಅದು ಅಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅವಳು ಎರಡು ಉರಿಯನ್ನೂ ಹಚ್ಚಿ ಅನ್ನ ಸಾರು ಒಟ್ಟಿಗೆ ಇಟ್ಟು, ಗೋಡೆಗೊರಗಿ ನಿಂತುಕೊಂಡಳು. ಒಲೆ ಊದುವ ಕೆಲಸವಿಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದವರ ಹಾಗೆ.

ಆದರೆ ಒಲೆ ಮಂದ. ಹಾಲು ಉಕ್ಕುವುದಕ್ಕೆ ಹೊತ್ತಾಗುತ್ತಿತ್ತು. ಅಷ್ಟುದ್ದ ಕೇಬಲ್ಲನ್ನು ಸುತ್ತಿ ಬರುವಷ್ಟರಲ್ಲಿ ಕರೆಂಟೇ ಸುಸ್ತಾಗಿರುತ್ತದೆ ಎಂದು ಆಗ ಯಾರಿಗೆ ಗೊತ್ತು? ಅಪ್ಪನಿಗೆ ಅದೊಂದು ಹಬ್ಬವಾಯಿತು. ತುರುವೇಕೆರೆ ಬಸ್ಸಿನಂಗೆ ಕಣೇ, ಬತ್ತದೆ, ಕಾಯ್ಬೇಕು ಎನ್ನುವನು. ನಾನು ಅದಕ್ಕೆ ತವರಿನ ಒಲೆ ಎಂದು ಹೆಸರಿಟ್ಟೆ. ಹಾಲಿಟ್ಟ ಕೂಡಲೇ ಕಂಡಕ್ಟರನ ದನಿಯಲ್ಲಿ ನಿಲ್ದಾಣಗಳ ಹೆಸರು ಕೂಗುವೆ, ಅಪ್ಪ ತೊಡೆ ತಟ್ಟಿ ನಗುವನು. ತವರಿನಿಂದ ಬಂದ ಸಾಮಾನು ಹೀಗೆ ದಿನಾ ಬೈಸಿಕೊಳ್ಳುವಾಗ ಹೆಣ್ಣುಮಗಳಿಗೆ ಏನಾಗುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಮ್ಮ ತಮ್ಮನಿಗೆ ಫೋನು ಮಾಡಿದಾಗ ಒಲೆ ಚೆನ್ನಾಗೈತೆ ಕಣಪ್ಪ, ಬಲು ಚೆನ್ನಾಗೈತೆ ಎನ್ನುತ್ತಿದ್ದಳು.

ಹೊಸ ಕಾಯಿ ಕೆಡವಿದ ಕಾಲಕ್ಕೆ ಆಳುಗಳು ರಾಶಿಯನ್ನು ಅಟ್ಟಕ್ಕೇರಿಸಿ ಸುರುಳಿಯ ಮೇಲೇ ಸುರಿದರು. ಅಲ್ಲಿಂದಾಚೆಗೆ ಅಮ್ಮ ಅಡುಗೆಯ ನಡುವೆ ಆಗಾಗ ನಿಲ್ಲಿಸಿ, ಸೆರಗಿನ ತುದಿಯನ್ನು ಮೂಗಿನ ಹತ್ತಿರ ತಂದು, ಕೋಳಿಯ ಹಾಗೆ ಕತ್ತು ಓರೆಮಾಡಿ ಅಟ್ಟದ ಕಡೆ ನೋಡಲು ಶುರುಮಾಡಿದಳು.

“ರೀ, ಏನೋ ಸುಟ್ಟಂಗೆ ವಾಸನೆ ಬತ್ತೈತೆ ಕಣ್ರೀ.”

ಅಪ್ಪ ಮೂಗೆಳೆದು ನೋಡಿ, ಏನೂ ಇಲ್ಲ, ಹೊಗೆ ಹೋದ ಮೇಲೆ ನಿನ್ ಮೂಗಿಗೆ ಮಾಡಕ್ಕೆ ಕೆಲಸ ಇಲ್ಲ ಎನ್ನುವನು. ಅಜ್ಜಿಗೆ ವಾಸನೆಯೇ ತಿಳಿಯದು. ನನಗೆ? ನನಗೆ ಬೇಕಾಗಿದ್ದದ್ದು ಆ ಸೆರಗು, ಆ ಕತ್ತು, ಆ ಕಣ್ರೀ. ಅಪ್ಪನ ಅಕ್ಕ, ಕಂದಿಕೆರೆಯ ಅತ್ತೆ ಬಂದಾಗ ಒಂದು ಸಲ ಮಾಡಿ ತೋರಿಸಿದೆ. ಅವಳು ನಕ್ಕು ನಕ್ಕು ಎಲೆಅಡಿಕೆ ಉಗಿದಳು. ಅಲ್ಲಿಂದ ಅದು ನನ್ನ ಎಲ್ಲಕ್ಕಿಂತ ಹೆಸರಾದ ಐಟಮ್ಮು. ಅಮ್ಮ ಮಾತ್ರ ಅದನ್ನು ನೋಡಿರಲಿಲ್ಲ. ನಾನು ಹಜಾರದಲ್ಲಿ ಮಾಡುವಾಗ ಅವಳು ಒಳಗೆ ಆ ನಗುವವರಿಗೇ ಅಡುಗೆ ಮಾಡುತ್ತಿರುತ್ತಿದ್ದಳು.

ಹಿರಿಯರ ಹಬ್ಬ ಬಂತು. ತಾತನಿಗೆ ಎಡೆ ಇಡಲು ನೆಂಟರೆಲ್ಲ ಬಂದರು, ಮಾವನೂ ಬಂದ. ಅಮ್ಮ ಬೆಳಿಗ್ಗೆಯಿಂದ ಎರಡು ಉರಿಯನ್ನೂ ಆರಿಸಿರಲಿಲ್ಲ. ಬೇಳೆ ಬೇಯಬೇಕು, ಒಬ್ಬಟ್ಟು ಬೇಯಬೇಕು, ಕಾಯಿಹಾಲು ಆಗಬೇಕು, ವಡೆ ಬೇರೆ. ಮಂದ ಒಲೆಯ ಮೇಲೆ ಅಷ್ಟನ್ನೂ ಮಾಡಿ ಮುಗಿಸಿ, ತಮ್ಮ ತಂದ ಒಲೆಯಲ್ಲೇ ಹಬ್ಬ ಮಾಡಿದೆ ಎಂದು ಎಲ್ಲರೆದುರು ಒಂದು ಮಾತು ಹೇಳಬೇಕೆಂಬುದು ಅವಳ ಆಸೆ. ಸೌದೆ ಒಲೆಗೆ ಅವತ್ತು ಬೆಂಕಿ ತೋರಿಸಲಿಲ್ಲ. ಹಿಂದಿನ ದಿನ ಅದನ್ನು ಸಾರಿಸಿ ರಂಗೋಲಿ ಎಳೆದಿದ್ದಳು, ತೀರಿಹೋದವರ ಫೋಟೋಗೆ ಹೂವು ಮುಡಿಸಿದ ಹಾಗೆ.

ಹಜಾರದಲ್ಲಿ ನನ್ನ ಕಚೇರಿ. ಫ್ಯಾನಿನ ಕೆಳಗೆ ಎಲ್ಲರೂ ಕೂತಿದ್ದರು. ಅತ್ತೆಯದೇ ಒತ್ತಾಯ.

“ಮಾಡ್ಲಾ, ನಿಮ್ಮಪ್ಪಂದೂ ನಿಮ್ಮ ಮಾವಂದೂ ಕೇಬಲ್ ಜಗಳ ಮಾಡ್ಲಾ!”

ಮಾಡಿದೆ. ಪಾತಾಳದಿಂದ ನೀರೆತ್ತುತ್ತದಾ ಎಂದಾಗ ಮಾವ ನಕ್ಕ, ಅದಕ್ಕೆ ತಕ್ಕಂಗೆ ವೈರಿರ್ಬೇಕು ಎಂದಾಗ ಅಪ್ಪ ನಕ್ಕ. ಒಬ್ಬರನ್ನು ಮಾಡಿದಾಗ ಇನ್ನೊಬ್ಬರು ನಗುವುದು, ನನ್ನ ಕಸುಬಿನ ಬಂಡವಾಳ ಅಷ್ಟೇ. ಕೊನೆಗೆ ಅಮ್ಮನದು. ಟವೆಲನ್ನು ಸೆರಗು ಮಾಡಿಕೊಂಡೆ, ಮೂಗಿನ ಹತ್ತಿರ ತಂದೆ, ಕತ್ತು ಓರೆ ಮಾಡಿದೆ, ಏನೋ ಸುಟ್ಟಂಗೆ ವಾಸನೆ ಬತ್ತೈತೆ ಕಣ್ರೀ ಎಂದೆ. ಸೂರು ಹಾರಿಹೋಗುವಷ್ಟು ನಗು. ನಗು ಇನ್ನೂ ಇಳಿದಿರಲಿಲ್ಲ, ಅಡುಗೆಮನೆಯ ಬಾಗಿಲಿಗೆ ಅಮ್ಮ ಬಂದಳು. ಸೆರಗಿನ ತುದಿ ಮೂಗಿನ ಹತ್ತಿರ. ಕತ್ತು ಓರೆ.

“ರೀ, ಏನೋ ಸುಟ್ಟಂಗೆ ವಾಸನೆ ಬತ್ತೈತೆ ಕಣ್ರೀ.”

“ಅಯ್ಯಯ್ಯೋ, ಥೇಟು ಹಂಗೇ! ಒಂದು ಕೂದ್ಲೂ ಆಚೀಚೆ ಇಲ್ಲ ಕಣ್ಲಾ!” ಎಂದಳು ಅತ್ತೆ, ಹೊಟ್ಟೆ ಹಿಡಿದುಕೊಂಡು.

ನಾನು ಎರಡೂ ಕೈ ಜೋಡಿಸಿ, ನಡು ಬಗ್ಗಿಸಿ ಸಭೆಗೆ ವಂದಿಸಿದೆ. ಅಮ್ಮನಿಗೆ ಏನೂ ತಿಳಿಯಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ತಾನೂ ಸ್ವಲ್ಪ ನಕ್ಕಳು. ಯಾಕೆಂದು ಗೊತ್ತಿಲ್ಲದೆ, ಎಲ್ಲರೂ ನಗುವಾಗ ತಾನೊಬ್ಬಳು ನಗದೆ ನಿಂತರೆ ಚೆನ್ನಾಗಿರುವುದಿಲ್ಲವೆಂದು. ಒಳಗೆ ಹೋದಳು. ತಕ್ಷಣ ಮತ್ತೆ ಬಂದಳು.

“ಸೌದೆ ಒಲೇನೇ ಹಚ್ಚಿಲ್ಲ. ಅಟ್ಟದಾಗೆ ಹೊಗೆ ಐತೆ.”

“ಇದ್ರೆ ಇರ್ಲಿ ಬುಡೇ, ಕೊಬ್ಬರಿಗೆ ಒಳ್ಳೇದು,” ಎಂದ ಅಪ್ಪ. ಮತ್ತೆ ನಗು.

ಮೂರನೆಯ ಸಲ ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ಹಿಟ್ಟಿನ ಕೈಯಲ್ಲೇ ಹಜಾರ ದಾಟಿ, ಕೂತವರ ಕಾಲು ತುಳಿದುಕೊಂಡು ಹೋಗಿ, ಮೀಟರ್ ಬೋರ್ಡಿನ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದಳು. ಫ್ಯಾನು ನಿಧಾನವಾಯಿತು, ನಿಂತಿತು. ಫ್ಯಾನಿನ ಸದ್ದು ಹೋದ ಮೇಲೆ ತಲೆಯ ಮೇಲಿಂದ ಇನ್ನೊಂದು ಸದ್ದು ಕೇಳಿಸಿತು. ಚಿಟಚಿಟ, ಚಿಟಚಿಟ. ಒಣಗಿದ ಮಟ್ಟೆಗೆ ಕಿಡಿ ಹತ್ತಿದಾಗ ಬರುವ ಸದ್ದು ನಮ್ಮ ಕಡೆಯ ಎಳೆ ಮಗುವಿಗೂ ಗೊತ್ತು.

ಅಪ್ಪ, ಮಾವ ಏಣಿ ಹತ್ತಿದರು. ನಾನೂ ಅತ್ತೆಯೂ ಕೊಡಪಾನ ಎತ್ತಿ ಎತ್ತಿ ಕೊಟ್ಟೆವು. ದೊಡ್ಡ ಬೆಂಕಿಯೇನಲ್ಲ, ಇನ್ನೂ ಒಳಗೊಳಗೇ ಕೆಂಡವಾಗುತ್ತಿತ್ತು. ಬೇಗ ಆರಿತು. ಅಪ್ಪ ಇಳಿದು ಬಂದಾಗ ಅವನ ಕೈಯಲ್ಲಿ ಆ ಸುರುಳಿ ಇತ್ತು. ಕೆಂಪು ಹಳದಿ ನೀಲಿ ಮೂರೂ ಕರಗಿ ಒಂದಕ್ಕೊಂದು ಅಂಟಿಕೊಂಡು, ಪಾಕ ಹೆಚ್ಚಾದ ಜಾಮೂನಿನಂತೆ ಒಂದೇ ಮುದ್ದೆ. ಮಾವ ಅದನ್ನು ತಿರುಗಿಸಿ ನೋಡಿದ. ಈಗ ವಾರಂಟಿ ಕಾರ್ಡು ಬಿಚ್ಚುತ್ತಾನೆ ಎಂದುಕೊಂಡೆ. ಅವನ ದನಿಯೇ ಬೇರೆಯಾಗಿತ್ತು, ಮೆತ್ತಗೆ.

“ವೈರಿನ ದಪ್ಪದಲ್ಲಿ ಮೋಸ ಇಲ್ಲ ಭಾವ. ನಾನು ಕೊಟ್ಟಿದ್ರೂ ಇಂಥದ್ದೇ ಕೊಡ್ತಿದ್ದೆ. ಮಿಕ್ಕಿದ್ದನ್ನ ಕತ್ತರಿಸ್ದೆ ಸುತ್ತಿಟ್ರಲ್ಲ, ಅದೇ ತಪ್ಪಾಗಿದ್ದು. ಒಂದು ಸುತ್ತಿನ ಕಾವು ಇನ್ನೊಂದು ಸುತ್ತಿಗೆ. ಮೇಲೆ ಕಾಯಿ ಹೇರಿದ್ದೀರಿ, ಕಾವು ಎಲ್ಲಿಗೆ ಹೋಗ್ಬೇಕು? ಕೆಳಗೊಂದು ಒಲೆ ಉರೀತಿತ್ತು, ಮೇಲೊಂದು ಒಲೆ ಉರೀತಿತ್ತು.”

“ಕತ್ತರಿಸಕ್ಕೆ ಮನಸ್ಸು ಬರ್ಲಿಲ್ಲ ಕಣಪ್ಪ,” ಎಂದ ಅಪ್ಪ. ಕೊನೆಯಕ್ಷರ ನುಂಗಲಿಲ್ಲ, ಮೊದಲಕ್ಷರ ಎಳೆಯಲಿಲ್ಲ. ಆ ದನಿ ನನ್ನ ಹತ್ತಿರ ಇರಲೇ ಇಲ್ಲ. ನನಗೆ ಅವನ ಕಡೆ ನೋಡಲಾಗದೆ ಅತ್ತೆಯ ಕಡೆ ನೋಡಿದೆ. ಅವಳು ನನ್ನ ಹೆಗಲ ಮೇಲಿನ ಟವೆಲನ್ನು ನೋಡುತ್ತಿದ್ದಳು.

ಅಡುಗೆ ಅರ್ಧಕ್ಕೆ ನಿಂತಿತ್ತು. ಎಡೆ ಇಡದೆ ಯಾರೂ ಉಣ್ಣುವ ಹಾಗಿಲ್ಲ, ಗ್ಯಾಸಿನ ಸಿಲಿಂಡರು ಕಾಫಿ ಕಾಯಿಸಿ ಕಾಯಿಸಿ ಬೆಳಿಗ್ಗೆಯೇ ಬರಿದಾಗಿತ್ತು. ಅಮ್ಮ ಸೌದೆ ಒಲೆಯ ರಂಗೋಲಿಯನ್ನು ಕೈಯಿಂದ ಒರೆಸಿ ಚಿಪ್ಪು ಒಟ್ಟಿ ಬೆಂಕಿ ಹಚ್ಚಿದಳು. ಒದ್ದೆ ಅಟ್ಟದ ಕೆಳಗೆ ಹೊಗೆ ಎಂದಿಗಿಂತ ದಟ್ಟವಾಗಿತ್ತು. ಮಿಕ್ಕ ಒಬ್ಬಟ್ಟು, ವಡೆ ಅದರಲ್ಲೇ ಆದವು. ಕೆಮ್ಮು ನಿಂತಾಗ ಒಬ್ಬಟ್ಟು ತಟ್ಟಿದಳು, ಒಬ್ಬಟ್ಟು ಬೇಯುವಾಗ ಕೆಮ್ಮಿದಳು. ಪಂಕ್ತಿಯಲ್ಲಿ ಯಾರೋ ಒಬ್ಬರು, ಏನೇ ಹೇಳಿ, ಸೌದೆ ಒಲೆ ರುಚಿನೇ ರುಚಿ ಎಂದರು. ಮಾವ ತಲೆ ತಗ್ಗಿಸಿ ಉಂಡ. ನಾನು ಬಡಿಸಲು ಒಳಗೂ ಹೊರಗೂ ಓಡಾಡಿದೆ. ಒಂದು ಸಲ ಕೂಡ ಅಮ್ಮನ ಕಣ್ಣಿಗೆ ನೇರ ಬೀಳಲಿಲ್ಲ. ಹೊಗೆಯಿತ್ತಲ್ಲ, ಅನುಕೂಲವಾಯಿತು.

ಒಲೆ ಡಬ್ಬ ಸೇರಿತು. ಇನ್ನು ಅದು ಅಲ್ಲೇ ಎಂದು ನಾನು ತಿಳಿದೆ. ಕೆಲವು ದಿನದ ಮೇಲೆ ಒಂದು ಬೆಳಿಗ್ಗೆ ಅಮ್ಮ ನಾರಿನ ಹಗ್ಗ ಹಿಡಿದು ಮೀಟರ್ ಬೋರ್ಡಿನಿಂದ ಗೋಡೆಯುದ್ದಕ್ಕೂ, ಬಾಗಿಲ ಮೇಲುಗಡೆಯಿಂದ, ಅಡುಗೆಮನೆಯ ಪ್ಲಗ್ಗಿನವರೆಗೆ ಅಳೆಯುತ್ತಿದ್ದಳು. ಅಟ್ಟದ ದಾರಿ ಬಿಟ್ಟಿದ್ದಳು. ಅಪ್ಪ ಜಗಲಿಯಿಂದ ನೋಡಿದ, ಎದ್ದು ಬಂದು ಸ್ಟೂಲು ಹಿಡಿದುಕೊಂಡ. ಅವಳು ಹಗ್ಗಕ್ಕೆ ಒಂದು ಗಂಟು ಹಾಕಿದಳು. ನನ್ನನ್ನು ಕರೆದುಕೊಂಡು ತಿಪಟೂರಿಗೆ ಹೊರಟಳು. ತುರುವೇಕೆರೆಗಲ್ಲ. ತಮ್ಮನ ಅಂಗಡಿಯಿಂದ ತಂದರೆ ತಮ್ಮ ಗೆದ್ದ ಹಾಗೆ, ಮನೆಯಲ್ಲೇ ಹಳೆಯದು ಹುಡುಕಿದರೆ ಗಂಡ ಗೆದ್ದ ಹಾಗೆ.

ಅಂಗಡಿಯವರು ನನ್ನನ್ನು ನೋಡಿಯೇ ಕೇಳಿದರು, ವೈರು ಯಾವುದಕ್ಕೆ, ಏನು ಲೋಡಪ್ಪ ಎಂದು. ಮೀಸೆ ಚಿಗುರಿದವನು ಕೌಂಟರಿಗೆ ನಿಂತರೆ ಹಿಂದಿರುವ ಹೆಂಗಸು ಕಾಣುವುದಿಲ್ಲ. ನಾನು ಮಾವನ ದನಿ ತೆಗೆಯಲು ಗಂಟಲು ಸರಿಮಾಡಿಕೊಂಡೆ. ಅಮ್ಮ ಮುಂದೆ ಬಂದಳು.

“ಕರೆಂಟಿನ ಒಲೆಗೆ ಕಣ್ರೀ. ಎರಡು ಉರಿದು.”

“ಒಂದೇ ಉರಿಯಾಗಿದ್ರೆ ಎರಡೂವರೆ ವೈರು ಸಾಕಾಗ್ತಿತ್ತಮ್ಮ. ಎರಡೂ ಒಟ್ಟಿಗೆ ಹಚ್ತೀರಾ?”

“ಹಬ್ಬ ಬಂದ್ರೆ ಬೆಳಿಗ್ಗೆಯಿಂದ ಎರಡೂ ಉರೀತಾವೆ.”

“ಹಂಗಾದ್ರೆ ನಾಲ್ಕೇ ತಗೊಳ್ಳಿ. ಅರ್ತಿಂಗಿಗೊಂದು ಎಳೆ ಹಾಕೋದು ಮರೀಬ್ಯಾಡಿ. ಈ ಲೈನಿಗೆ ಬ್ಯಾರೆ ಏನೂ ಸೇರಿಸ್ಬ್ಯಾಡಿ. ಪೂರ್ತಿ ಸುರುಳಿ ಕೊಟ್ಬುಡ್ಲಾ? ಮಿಕ್ಕಿದ್ದು ಮನೇಲಿರ್ಲಿ, ಯಾವತ್ತಾದ್ರೂ ಆಯ್ತದೆ.”

ಅಮ್ಮ ಚೀಲದಿಂದ ಹಗ್ಗ ತೆಗೆದು ಕೌಂಟರಿನ ಮೇಲೆ ಹರಡಿದಳು.

“ಮಿಕ್ಕೋದು ಬ್ಯಾಡ. ಈ ಗಂಟಿನ ಮೇಲೆ ಒಂದು ಗೇಣು ಬುಟ್ಟು ಕತ್ತರಿಸಿ.”

ಕತ್ತರಿಸಿದರು. ಆ ಸದ್ದಿಗೆ ನನ್ನ ಮೈ ಜುಮ್ಮೆಂದಿತು, ನಮ್ಮ ಮನೆಯ ರಕ್ತ. ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ವೈರಿನ ಪೊಟ್ಟಣ ಅವಳ ತೊಡೆಯ ಮೇಲಿತ್ತು. ಕಡಲೆಕಾಯಿ ಕೊಡಿಸಿದಳು. ಸಿಪ್ಪೆ ಸುಲಿಯುತ್ತಾ, ಏನೋ ನೆನಪಾದವಳ ಹಾಗೆ ನನ್ನ ಕಡೆ ತಿರುಗಿದಳು.

“ಲೋ, ಅವತ್ತು ಎಲ್ಲಾರೂ ನಕ್ರಲ್ಲ, ನನ್ ಥರ ಏನೋ ಮಾಡ್ದೆ ಅಂತ ನಿಮ್ಮತ್ತೆ ಹೇಳಿದ್ಳು. ನಾನು ನೋಡ್ಲೇ ಇಲ್ಲ ಕಣಪ್ಪ. ಒಂದ್ಸಲ ಮಾಡು, ನೋಡಾನ.”

ಚುಚ್ಚಿ ಕೇಳುತ್ತಿದ್ದಾಳೆಯೇ ಎಂದು ಅವಳ ಮುಖ ನೋಡಿದೆ. ಚುಚ್ಚುವ ದನಿ ಯಾವುದು ಎಂದು ನನಗೆ ಗೊತ್ತು, ಎಲ್ಲರ ಚುಚ್ಚು ದನಿಯೂ ನನ್ನ ಹತ್ತಿರ ಇತ್ತು. ಅದು ಅದಲ್ಲ. ಅವಳಿಗೆ ನಿಜವಾಗಿಯೂ ನೋಡಬೇಕಿತ್ತು. ಮಗ ಅಷ್ಟು ಜನರನ್ನು ನಗಿಸಿದ್ದನ್ನು ತಾನೊಬ್ಬಳು ಕಾಣದೆ ಹೋದೆನಲ್ಲ ಎಂಬಂತೆ, ಕಡಲೆಕಾಯಿ ಕೈಯಲ್ಲೇ ಹಿಡಿದು, ತುಟಿಯಂಚಿನಲ್ಲಿ ಆಗಲೇ ನಗು ತಂದುಕೊಂಡು ಕಾಯುತ್ತಿದ್ದಳು.

ಟವೆಲು ಹೆಗಲ ಮೇಲೇ ಇತ್ತು. ತುದಿಯನ್ನು ಹಿಡಿದು ಮೂಗಿನವರೆಗೆ ತಂದೆ. ಕತ್ತು ಓರೆ ಮಾಡಿದೆ. ಬಾಯಿ ತೆರೆದೆ. ದನಿ ಬರಲಿಲ್ಲ.

“ಮಾಡ್ಲಾ,” ಎಂದಳು ಅಮ್ಮ. “ನಾಚ್ಕತೀಯಲ್ಲೋ, ನಾನೇನು ಹೊರಗಿನೋಳಾ?”